ಪಿಎಸ್‌ಎ ಪರೀಕ್ಷೆ ಮತ್ತು ಲೈಂಗಿಕ ಕ್ರಿಯೆ

ಪಿಎಸ್‌ಎ ಎಂಬುದು ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪ್ರೋಟೀನ್. ವೀರ್ಯವನ್ನು ತೆಳುವಾಗಿಸಿ ವೀರ್ಯಾಣುಗಳ ಚಲನೆಗೆ ಅನುವು ಮಾಡುವುದು ಇದರ ಕೆಲಸ. ಇದರ ಅಲ್ಪಾಂಶ ರಕ್ತಕ್ಕೂ ಸೇರುತ್ತದೆ. ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೋಗ್ರಾಂ ಮೀರಿದರೆ ಹೆಚ್ಚಿನ ತಪಾಸಣೆ ಸೂಚಿಸುವುದು ಬಹುಕಾಲದ ರೂಢಿ. ಈಗ ವಯಸ್ಸನ್ನೂ ಪರಿಗಣಿಸುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ನೆರವಾಗುವ ಪರೀಕ್ಷೆಯಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಿಎಸ್‌ಎ ಪರೀಕ್ಷೆಗೆ 1994ರಲ್ಲಿ ಅನುಮತಿ ನೀಡಿತು.

ಸ್ಖಲನದ ಪರಿಣಾಮ: ವೀರ್ಯಸ್ಖಲನದ ನಂತರ ಕೆಲವರಲ್ಲಿ ಪಿಎಸ್‌ಎ ತುಸು ಏರಿ, ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ಇಳಿಯುತ್ತದೆ. ಆದ್ದರಿಂದ ರಕ್ತ ಕೊಡುವ ಮುನ್ನ ಎರಡು ದಿನ ಸಂಭೋಗ, ಹಸ್ತಮೈಥುನ ಬೇಡವೆಂಬುದು ವೈದ್ಯರ ಸಲಹೆ. ಮಿತಿಯ ಅಂಚಿನಲ್ಲಿರುವವರಿಗೆ ಇದು ಮುಖ್ಯ.

ಇತರ ಕಾರಣಗಳು: ಮೂತ್ರನಾಳದ ಸೋಂಕು, ಗ್ರಂಥಿಯ ಉರಿಯೂತ, ವಯೋಸಹಜ ಊತ, ಬಯಾಪ್ಸಿ ಕೂಡ ಪಿಎಸ್‌ಎ ಮಟ್ಟವನ್ನು ಏರಿಸುತ್ತವೆ. ಗ್ರಂಥಿಯ ಊತಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆ ಅದನ್ನು ಸುಮಾರು ಅರ್ಧಕ್ಕಿಳಿಸುತ್ತದೆ.

ಮಲೆನಾಡಿನಲ್ಲಿ: ಕಳಸದಿಂದ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್ ಘಟ್ಟದ ದಾರಿ. ಕಳಸ, ಮೂಡಿಗೆರೆಯ ಕಾಫಿ ತೋಟಗಳಿಂದ ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಹೋಗುವವರಿಗೂ ಮರುಪರೀಕ್ಷೆಯೆಂದರೆ ಇನ್ನೊಂದು ದಿನದ ಕೂಲಿ, ಪ್ರಯಾಣ. ಎರಡು ದಿನದ ಈ ಸಂಯಮದ ಬಗ್ಗೆ ಸಂಕೋಚವಿಲ್ಲದೆ ವೈದ್ಯರನ್ನು ಮೊದಲೇ ಕೇಳಿ ತಿಳಿದರೆ ಅದು ತಪ್ಪಬಹುದು. ಒಮ್ಮೆ ಮಟ್ಟ ಏರಿದ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುವುದು ವಾಡಿಕೆ.