ಇಂಗ್ಲೀಷು ವಾಚನವೂ ಅರ್ಥಗ್ರಹಣವೂ: ಬೆಂಗಳೂರಿನ ವಿದ್ಯಾಚರಿತ್ರೆಯ ಒಂದು ಪ್ರಕರಣ

ಈ ಮಹೋತ್ಸವದ ಸ್ಮರಣಸಂಪುಟಕ್ಕೆ ಮಠದ ಪೂರ್ವಚರಿತ್ರೆಯನ್ನಾಗಲಿ ಶಿವಶರಣರ ಮಹಿಮೆಯನ್ನಾಗಲಿ ಕುರಿತು ಬರೆಯಬೇಕಾಗಿದ್ದ ನಾನು ಇಂಗ್ಲೀಷು ಪಾಠದ ವಿಷಯವನ್ನೆತ್ತಿಕೊಂಡಿರುವುದನ್ನು ಕಂಡು ಕೆಲವರು ಆಶ್ಚರ್ಯಪಡಬಹುದು. ಬಾಲ್ಯದಿಂದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ ಬೆಳೆದವನಿಗೆ ಈ ಪರಭಾಷೆಯ ವಿಚಾರವೇಕೆಂದು ಕೇಳುವುದೂ ನ್ಯಾಯವೇ ಸರಿ. ಆದರೆ ನಮ್ಮ ಪ್ರಸಾದನಿಲಯದ ಮಕ್ಕಳು ಪ್ರತಿದಿನ ಸಾಯಂಕಾಲ ಗಟ್ಟಿಯಾಗಿ ಒಪ್ಪಿಸುವ ಪಾಠದಲ್ಲಿ ಅರ್ಧಪಾಲು ಇಂಗ್ಲೀಷೇ ಆಗಿರುವುದು. ಆ ಓದಿನಿಂದ ಅವರಿಗೆ ದಕ್ಕುವುದೇನು, ದಕ್ಕದಿರುವುದೇನು ಎಂಬುದು ಮಠದ ವಿದ್ಯಾದಾಸೋಹಕ್ಕೆ ಸೇರಿದ ಪ್ರಶ್ನೆಯೇ ಹೊರತು ಬೇರೆಯಲ್ಲ.

ನಮ್ಮ ನುಡಿಯಲ್ಲಿ ‘ಓದು’ ಎಂಬ ಒಂದೇ ಶಬ್ದವು ಅಕ್ಷರಗಳನ್ನು ಉಚ್ಚರಿಸುವುದಕ್ಕೂ, ಬರೆದುದನ್ನು ತಿಳಿದು ಮನನಮಾಡುವುದಕ್ಕೂ ಸಲ್ಲುತ್ತದೆ. ಸ್ವಭಾಷೆಯಲ್ಲಿ ಇವೆರಡೂ ಜೊತೆಜೊತೆಯಾಗಿಯೇ ನಡೆಯುವುದರಿಂದ ಭೇದವು ತೋರುವುದಿಲ್ಲ. ಪರಭಾಷೆಯಲ್ಲಾದರೋ ಒಂದಿದ್ದು ಇನ್ನೊಂದಿಲ್ಲದಿರುವ ಸಂಭವವುಂಟು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನದೇ ಅವಿವೇಕದಿಂದ ಕಲಿತೆನು.

ಕೆಲವು ವರ್ಷಗಳ ಕೆಳಗೆ ಕೆಂಗೇರಿ ಹೋಬಳಿಯ ಒಂದು ಹಳ್ಳಿಯ ವೃದ್ಧಭಕ್ತರೊಬ್ಬರು ಕರಾರುಪತ್ರವೊಂದನ್ನು ಹಿಡಿದು ಮಠಕ್ಕೆ ಬಂದರು. ರಸ್ತೆಯ ಮಗ್ಗುಲಲ್ಲಿದ್ದ ತಮ್ಮ ಜಮೀನನ್ನು ಸರಕು ದಾಸ್ತಾನಿಗಾಗಿ ಒಬ್ಬರಿಗೆ ಗುತ್ತಿಗೆ ಕೊಟ್ಟಿದ್ದರು. ಪತ್ರವು ಇಂಗ್ಲೀಷಿನಲ್ಲಿದ್ದಿತು. ಪ್ರಸಾದನಿಲಯದಲ್ಲಿ ಹತ್ತನೆಯ ತರಗತಿಯನ್ನು ಓದುತ್ತಿದ್ದ ಹುಡುಗನೊಬ್ಬನನ್ನು ಕರೆದು ಓದಿಸಿದೆನು. ಅವನು ಎಲ್ಲಿಯೂ ತಡವರಿಸದೆ ನಾಲ್ಕು ಪುಟಗಳನ್ನೂ ಓದಿ ಮುಗಿಸಿ, “ಐದು ವರ್ಷಕ್ಕೆ ಗುತ್ತಿಗೆ ಅಂತ ಇದೆ ತಾತ, ಅಷ್ಟೇ” ಎಂದನು. ಹುಡುಗನ ವಾಚನವನ್ನು ನಾನು ಮೆಚ್ಚಿಕೊಂಡು ಬೆನ್ನು ತಟ್ಟಿದೆನು. ವೃದ್ಧರು ಸಮಾಧಾನದಿಂದ ಹೊರಟುಹೋದರು. ಅವಧಿ ಮುಗಿದ ಮೇಲೆ ಆ ಸ್ಥಳದಲ್ಲಿ ಮಗನಿಗೆ ಮನೆ ಕಟ್ಟಿಸಬೇಕೆಂದು ಅವರು ಹೋದಾಗ ನಿಜವು ಹೊರಬಿದ್ದಿತು. ಅವಧಿಗೆ ಮೂರು ತಿಂಗಳು ಮುಂಚಿತವಾಗಿ ಮಾಲೀಕರು ಬರಹದ ಮೂಲಕ ತಿಳಿಸಿದ ಹೊರತು, ಅದೇ ಬಾಡಿಗೆಗೆ ಇನ್ನೂ ಐದು ವರ್ಷ ಗುತ್ತಿಗೆ ಮುಂದುವರಿಯತಕ್ಕದ್ದೆಂದು ಮೂರನೆಯ ಪುಟದಲ್ಲಿ ಬರೆದಿದ್ದಿತು. ‘ಅನ್‌ಲೆಸ್’ ಎಂಬ ಆ ಪುಟ್ಟ ಶಬ್ದವನ್ನು ಹುಡುಗನು ಸ್ಪಷ್ಟವಾಗಿಯೇ ಉಚ್ಚರಿಸಿದ್ದನು. ಅದು ‘ಹೊರತು’ ಎಂದಾಗುತ್ತದೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕೇಳಬೇಕೆಂಬುದು ನನಗೂ ಹೊಳೆಯಲಿಲ್ಲ. ವೃದ್ಧರು ಯಾರನ್ನೂ ಬೈಯಲಿಲ್ಲ. ಹುಡುಗನು ಎರಡು ದಿನ ಸರಿಯಾಗಿ ಪ್ರಸಾದವನ್ನೇ ಸ್ವೀಕರಿಸಲಿಲ್ಲ. ತಪ್ಪು ಅವನದಲ್ಲ, ಓದೆಂದರೆ ಇಷ್ಟೇ ಎಂದು ಅವನನ್ನು ನಂಬಿಸಿದ ಪದ್ಧತಿಯದು ಎಂದು ಅಂದಿನಿಂದ ನಾನು ಯೋಚಿಸಹತ್ತಿದೆನು.

ಈ ಪದ್ಧತಿಯು ಎಲ್ಲಿಂದ ಬಂದಿತು? ಕೇವಲ ಪರಕೀಯರನ್ನು ದೂರುವುದು ಸರಿಯಲ್ಲ. ನಮ್ಮ ಹಳೆಯ ಕೂಲಿಮಠಗಳಲ್ಲಿಯೂ ಮಕ್ಕಳು ಅಮರಕೋಶವನ್ನೂ ಜೈಮಿನಿ ಭಾರತವನ್ನೂ ಅರ್ಥವಿಲ್ಲದೆಯೇ ಬಾಯಿಪಾಠ ಮಾಡುತ್ತಿದ್ದುದುಂಟು. ಆದರೆ ಅದು ಮೊದಲ ಮೆಟ್ಟಿಲಾಗಿದ್ದಿತೇ ಹೊರತು ಕೊನೆಯದಾಗಿರಲಿಲ್ಲ. ಮುಂದೆ ಶಾಸ್ತ್ರಾಭ್ಯಾಸಕ್ಕೆ ತೊಡಗಿದವನಿಗೆ ವ್ಯಾಖ್ಯಾನದ ಐದು ಅಂಗಗಳು ಕಾದಿದ್ದವು: ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪಸಮಾಧಾನ. ಪದಗಳನ್ನು ಬಿಡಿಸಿ, ಅರ್ಥ ಹೇಳಿ, ಸಮಾಸವನ್ನೊಡೆದು, ಅನ್ವಯವನ್ನು ಕೂಡಿಸಿ, ‘ಹಾಗಾದರೆ ಇದು ಹೇಗೆ?’ ಎಂಬ ಎದುರುಪ್ರಶ್ನೆಗೆ ಉತ್ತರ ಕೊಟ್ಟಹೊರತು ಒಂದು ವಾಕ್ಯವನ್ನು ಓದಿದನೆಂದು ಗುರುಗಳು ಒಪ್ಪುತ್ತಿರಲಿಲ್ಲ. ನಮ್ಮ ಶೂನ್ಯಸಂಪಾದನೆಯನ್ನೇ ನೋಡಿರಿ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದರೂಪವಾಗಿ ಜೋಡಿಸಿದರು. ಯಾವ ವಚನವು ಯಾವ ಪ್ರಶ್ನೆಗೆ ಉತ್ತರವಾಗುವುದೆಂದು ತಿಳಿಯದವನಿಂದ ಆ ಕಾರ್ಯವಾಗುವಂತಿಲ್ಲ. ಅರ್ಥಗ್ರಹಣವೆಂಬುದು ನಮಗೆ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ಇಂಗ್ಲೀಷಿನ ವೃತ್ತಾಂತ. ವಿಲಿಯಂ ರೀವ್ ಪಾದ್ರಿಯು ಇಂಗ್ಲೀಷು-ಕನ್ನಡ ನಿಘಂಟನ್ನು 1824ರಲ್ಲಿ ಪ್ರಕಟಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರವರು 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲೀಷು ಶಾಲೆಯನ್ನು ಸ್ಥಾಪಿಸಿದರು. ಸರ್ ಚಾರ್ಲ್ಸ್ ವುಡ್ಡನ 1854ರ ವಿದ್ಯಾಲೇಖವು ಬಂದ ತರುವಾಯ, 1858ರಲ್ಲಿ ಬೆಂಗಳೂರಿನಲ್ಲಿ ಜಾನ್ ಗ್ಯಾರೆಟ್ಟನ ಆಡಳಿತದಲ್ಲಿ ಹೈಸ್ಕೂಲು ಪ್ರಾರಂಭವಾಯಿತು. ಅದೇ ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದುದು. ನಮ್ಮ ಶಾಸನಗಳನ್ನು ಸಂಗ್ರಹಿಸಿ ಉಪಕಾರ ಮಾಡಿದ ಬಿ. ಎಲ್. ರೈಸ್ ಮಹಾಶಯನೂ ಅದರ ಮುಖ್ಯೋಪಾಧ್ಯಾಯನಾಗಿದ್ದವನೇ. ಹೋಬಳಿಗೊಂದು ಕನ್ನಡ ಶಾಲೆ ಇರಬೇಕೆಂಬ 1868ರ ಯೋಜನೆಯೂ ಅವನದೇ ಆಗಿದ್ದಿತು. ಹೀಗೆ ಹಳ್ಳಿಗೆ ಕನ್ನಡವೂ ಪಟ್ಟಣಕ್ಕೆ ಇಂಗ್ಲೀಷೂ ಎಂಬ ಎರಡು ದಾರಿಗಳಾದವು. ಹಳ್ಳಿಯ ಹುಡುಗನು ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ಸ್ಥಳವೇ ಅತ್ಯಂತ ಕಡಿದಾದುದು.

ಆ ಕಾಲದಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಗುರಿಯಾಗಿದ್ದು, ಅದರಲ್ಲಿ ತೇರ್ಗಡೆಯಾದವನಿಗೆ ಸರಕಾರದ ನೌಕರಿಯ ಬಾಗಿಲು ತೆರೆಯುತ್ತಿದ್ದಿತು. ನಿಯತಪಠ್ಯವನ್ನೂ ಅದರ ಟಿಪ್ಪಣಿಗಳನ್ನೂ ಕಂಠಸ್ಥ ಮಾಡಿಕೊಂಡವನು ಉತ್ತೀರ್ಣನಾಗುವ ಸಂಭವವಿದ್ದುದರಿಂದ, ಓದು ಪರೀಕ್ಷೆಗೆ ಅಡಿಯಾಳಾಯಿತು.

ಈ ಕಡಿದಾದ ದಾರಿಯನ್ನು ಹತ್ತಲು ನಮ್ಮ ಸಮಾಜದ ಮಕ್ಕಳಿಗೆ ನೆರವಾದವರಲ್ಲಿ ಗುಬ್ಬಿ ತೋಟದಪ್ಪನವರ ಹೆಸರು ಪ್ರಾತಃಸ್ಮರಣೀಯವಾದುದು. 1838ರಲ್ಲಿ ಜನಿಸಿ 1910ರಲ್ಲಿ ಲಿಂಗೈಕ್ಯರಾದ ಆ ಧರ್ಮಾತ್ಮರ ಔದಾರ್ಯದ ಫಲವಾಗಿ ಬೆಂಗಳೂರಿನಲ್ಲಿ ರೈಲ್ವೆ ನಿಲ್ದಾಣದ ಸಮೀಪದಲ್ಲಿ ಛತ್ರವೂ, ಬಡ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಏರ್ಪಟ್ಟವು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ, ಮುಂದೆ ಸಿದ್ಧಗಂಗಾ ಕ್ಷೇತ್ರದ ಶ್ರೀ ಶಿವಕುಮಾರ ಸ್ವಾಮಿಗಳಾದ ಮಹನೀಯರು ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗಮಾಡುವಾಗ ಆಶ್ರಯಪಡೆದುದು ಇದೇ ನಿಲಯದಲ್ಲಿ. 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಕನ್ನಡ, ಸಂಸ್ಕೃತ, ಇಂಗ್ಲೀಷು ಮೂರರಲ್ಲಿಯೂ ಪರಿಣತರಾಗಿದ್ದುದನ್ನು ಬಲ್ಲ ಭಕ್ತರು ಅಸಂಖ್ಯಾತರಿದ್ದಾರೆ. ಅನ್ನವೂ ಆಶ್ರಯವೂ ದೊರೆತರೆ ಪರಭಾಷೆಯು ಹಳ್ಳಿಯ ಮಗುವಿಗೆ ಅಭೇದ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ಅನ್ನಾಶ್ರಯಗಳ ಜೊತೆಗೆ ಪಾಠಕ್ರಮವೂ ಸರಿಯಾಗಿರಬೇಕು.

ಆ ಕ್ರಮವನ್ನು ಕುರಿತು ಆಳವಾಗಿ ವಿಚಾರಿಸಿದವರಲ್ಲಿ ಬಂಗಾಳದ ಢಾಕಾದಲ್ಲಿದ್ದ ಮೈಕೇಲ್ ವೆಸ್ಟ್ ಎಂಬುವನು ಮುಖ್ಯನು. ಬಂಗಾಳದ ದ್ವಿಭಾಷಾ ಸ್ಥಿತಿಯನ್ನು ಕುರಿತ ಅವನ ಗ್ರಂಥವು 1926ರಲ್ಲಿ ಪ್ರಕಟವಾಯಿತು. ಬಹುಮಂದಿ ಮಕ್ಕಳು ನಡುವೆಯೇ ಶಾಲೆಯನ್ನು ಬಿಡುತ್ತಾರೆ. ಹಾಗೆ ಬಿಟ್ಟವರ ಕೈಯಲ್ಲಿ ಏನಾದರೂ ಫಲವು ಉಳಿಯಬೇಕಾದರೆ ಅದು ತಿಳಿದು ಓದುವ ಶಕ್ತಿಯೇ ಆಗಿರಬೇಕು ಎಂಬುದು ಅವನ ವಾದ. ಆದಕಾರಣ ಅವನು ಶಬ್ದಗಳನ್ನು ಮಿತವಾಗಿ ಆರಿಸಿ, ಹೊಸ ಶಬ್ದವನ್ನು ಅಳತೆಯರಿತು ಸೇರಿಸಿ, ಮೌನವಾಗಿ ಓದುವುದಕ್ಕೆ ತಕ್ಕ ಪಾಠಪುಸ್ತಕಗಳನ್ನು ರಚಿಸಿದನು.

ಸ್ವಾತಂತ್ರ್ಯಾನಂತರ ಬೆಂಗಳೂರು ಈ ವಿಷಯದಲ್ಲಿ ಪ್ರಪಂಚಕ್ಕೇ ಪಾಠವಾದ ಸಂಗತಿಯು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ದಕ್ಷಿಣ ಭಾರತದ ಉಪಾಧ್ಯಾಯರಿಗಾಗಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲೀಷು ಸಂಸ್ಥೆಯು ಇಂದು ಕೆಂಗೇರಿಯ ದಾರಿಯಲ್ಲಿರುವ ಜ್ಞಾನಭಾರತಿಯಲ್ಲಿದೆ. ಅಂದಿನ ಶಾಲೆಗಳಲ್ಲಿ ವಾಕ್ಯರಚನೆಗಳನ್ನು ಸುಲಭದಿಂದ ಕಠಿನಕ್ಕೆ ಅನುಕ್ರಮವಾಗಿ ಜೋಡಿಸಿ, ಒಂದೊಂದನ್ನೂ ಮತ್ತೆಮತ್ತೆ ಹೇಳಿಸುವ ಪದ್ಧತಿ ರೂಢಿಯಲ್ಲಿದ್ದಿತು. ವಾಕ್ಯಗಳು ನಾಲಗೆಗೆ ಬರುತ್ತಿದ್ದವು, ಉಪಯೋಗಕ್ಕೆ ಬರುತ್ತಿರಲಿಲ್ಲ. ಇದರಿಂದ ಅತೃಪ್ತರಾದ ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಊರುಗಳ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ವಿದ್ವತ್ಪ್ರಪಂಚದಲ್ಲಿ ಅದು ‘ಬೆಂಗಳೂರು ಪ್ರಯೋಗ’ವೆಂದೇ ಪ್ರಖ್ಯಾತವಾಗಿರುವುದು.

ಅದರ ಕ್ರಮವು ಹೀಗೆ: ಉಪಾಧ್ಯಾಯರು ರೈಲುಗಾಡಿಯ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ತರಗತಿಯ ಮುಂದಿಟ್ಟು, ಮೊದಲು ಎಲ್ಲರೊಡನೆ ಪ್ರಶ್ನೋತ್ತರ ಮಾಡುತ್ತ ಒಂದು ಸಮಸ್ಯೆಯನ್ನು ಬಿಡಿಸುವರು. ಬಳಿಕ ಅದೇ ಜಾತಿಯ ಇನ್ನೊಂದು ಸಮಸ್ಯೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಓದಿ ಬಿಡಿಸಬೇಕು. ವ್ಯಾಕರಣದೋಷವನ್ನು ಹಿಡಿದು ಜರೆಯದೆ, ಸಮಸ್ಯೆ ಬಿಡಿಸಿತೋ ಇಲ್ಲವೋ ಎಂಬುದನ್ನೇ ನೋಡುವರು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟಾದರೂ ಬಿಡಿಸಬಲ್ಲ ಸಮಸ್ಯೆಯೇ ಯೋಗ್ಯವಾದುದೆಂದು ಅಳತೆಗೋಲನ್ನಿಟ್ಟುಕೊಂಡಿದ್ದರು. ಕೊಟ್ಟ ಸಂಗತಿಗಳಿಂದ ಕೊಡದ ಸಂಗತಿಯನ್ನು ಊಹಿಸಿ ತೆಗೆಯುವ ಪ್ರಶ್ನೆಗಳೇ ಹೆಚ್ಚು ಫಲಕಾರಿಯೆಂದು ಅವರು ಕಂಡುಕೊಂಡರು. ನಮ್ಮ ತರ್ಕಶಾಸ್ತ್ರದಲ್ಲಿ ಇದನ್ನೇ ಅನುಮಾನವೆನ್ನುವರು. ಬೆರೆಟಾ, ಡೇವೀಸ್ ಎಂಬ ಪರೀಕ್ಷಕರು 1985ರಲ್ಲಿ ಇದರ ಪರಿಶೀಲನೆಯನ್ನು ಪ್ರಕಟಿಸಿದರು. ಫಲಿತಾಂಶವು ಸ್ಥೂಲವಾಗಿ ಪ್ರಯೋಗಕ್ಕೆ ಅನುಕೂಲವಾಗಿದ್ದರೂ, ಹಳೆಯ ರೀತಿಯ ಪರೀಕ್ಷೆಯಲ್ಲಿ ಹಳೆಯ ರೀತಿಯಲ್ಲಿ ಕಲಿತವರೇ ಮುಂದಾಗಿದ್ದರೆಂಬುದನ್ನೂ ಮರೆಮಾಚಲಿಲ್ಲ. ಕಲಿಸಿದುದೇ ಬರುತ್ತದೆ ಎಂಬುದು ಇದರ ತಾತ್ಪರ್ಯ. 1987ರಲ್ಲಿ ಪ್ರಭುಗಳ ಗ್ರಂಥವು ಆಕ್ಸ್‌ಫರ್ಡಿನಿಂದ ಹೊರಬಿದ್ದ ಮೇಲೆ ಅನೇಕ ದೇಶಗಳ ಉಪಾಧ್ಯಾಯರು ಬೆಂಗಳೂರಿನ ಈ ಪಾಠವನ್ನು ಕಲಿತರು. ಬೆಂಗಳೂರಿನವರಾದ ನಾವು ಎಷ್ಟು ಕಲಿತೆವೆಂಬುದು ಬೇರೆ ಮಾತು.

2007–08ರಿಂದ ನಮ್ಮ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲೀಷು ಪ್ರವೇಶಿಸಿದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹಿಂದೆ ಕಾಣದ ಗದ್ಯಭಾಗವೊಂದನ್ನು ಕೊಟ್ಟು, ಅದನ್ನೋದಿ ಉತ್ತರ ಬರೆಯಲು ಹೇಳುವ ಪ್ರಶ್ನೆಯೂ ಇರುತ್ತದೆ. ಉದ್ದೇಶವು ಒಳ್ಳೆಯದೇ. ಆದರೆ ಮಕ್ಕಳು ಅದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಪ್ರಶ್ನೆಯಲ್ಲಿರುವ ಶಬ್ದವನ್ನು ಗದ್ಯದಲ್ಲಿ ಹುಡುಕಿ, ಅದು ಸಿಕ್ಕಿದ ಸಾಲನ್ನು ಹಾಗೆಯೇ ನಕಲುಮಾಡುವುದು. ಇದರ ಟೊಳ್ಳುತನವನ್ನು ಕನ್ನಡದಲ್ಲಿಯೇ ತೋರಿಸುತ್ತೇನೆ. ‘ಡಂಬಿಗನು ಜಿಗುರಿಯನ್ನು ಸೊಳ್ಳಾಡಿ ತಲ್ಪಿಸಿದನು’ ಎಂದು ಒಂದು ಅರ್ಥವಿಲ್ಲದ ವಾಕ್ಯವನ್ನು ಬರೆಯೋಣ. ಜಿಗುರಿಯನ್ನು ತಲ್ಪಿಸಿದವನಾರು? ಡಂಬಿಗನು. ಡಂಬಿಗನು ತಲ್ಪಿಸಿದುದೇನನ್ನು? ಜಿಗುರಿಯನ್ನು. ಎರಡೂ ಉತ್ತರಗಳು ಸರಿ, ಅಂಕಗಳೂ ಪೂರ್ತಿ. ತಿಳಿದುದು ಮಾತ್ರ ಸೊನ್ನೆ.

ಗುತ್ತಿಗೆಪತ್ರದ ಪ್ರಸಂಗವಾದ ಬಳಿಕ ನಮ್ಮ ಪ್ರಸಾದನಿಲಯದಲ್ಲಿ ಸಂಜೆಯ ಪಾಠವನ್ನು ಸ್ವಲ್ಪ ಮಾರ್ಪಡಿಸಿಕೊಂಡಿದ್ದೇವೆ. ಇಂಗ್ಲೀಷು ಬಲ್ಲ ಹಳೆಯ ವಿದ್ಯಾರ್ಥಿಗಳು ಬಂದು ನೆರವಾಗುತ್ತಾರೆ. ನಾನು ಪ್ರಶ್ನೆ ಕೇಳುವವನಾಗಿ ಕುಳಿತುಕೊಳ್ಳುತ್ತೇನೆ. ಮೊದಲು ಮಗುವು ಮೌನವಾಗಿ ಓದತಕ್ಕದ್ದು. ಅನಂತರ ಪುಸ್ತಕವನ್ನು ಮುಚ್ಚಿ, ತಿಳಿದುದನ್ನು ಕನ್ನಡದಲ್ಲಿ ನನಗೆ ಹೇಳತಕ್ಕದ್ದು. ಇಂಗ್ಲೀಷನ್ನರಿಯದ ನನಗೆ ಅರ್ಥವಾದರೆ ಅವನಿಗೂ ಅರ್ಥವಾಗಿದೆಯೆಂದು ಲೆಕ್ಕ. ಮೂರನೆಯದಾಗಿ, ‘ಹೊರತು’, ‘ಆದರೂ’, ‘ಆದ್ದರಿಂದ’, ‘ಮುಂಚೆ’ ಎಂಬರ್ಥದ ಸಣ್ಣ ಅವ್ಯಯಗಳಿಗೆ ಗೆರೆಯೆಳೆದು, ಒಂದೊಂದನ್ನು ತೆಗೆದರೆ ಅರ್ಥವು ಹೇಗೆ ತಿರುಗುವುದೆಂದು ನೋಡತಕ್ಕದ್ದು. ಕೊನೆಯಲ್ಲಿ, ಒಂದೇ ಸಾಲಿನಲ್ಲಿ ಉತ್ತರ ಸಿಗದಂತಹ ಪ್ರಶ್ನೆಯೊಂದು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಗೆ ಬಂದುದು ನಮಗೆ ಬಹಳ ಅನುಕೂಲವಾಯಿತು. ‘ಕೆಂಗೇರಿಯಿಂದ ರಾಜಾಜಿನಗರಕ್ಕೆ ಹೋಗಬೇಕಾದ ಅಜ್ಜಿಯೊಬ್ಬರಿಗೆ ಮೆಟ್ಟಿಲು ಹತ್ತಲಾಗದು, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗದಿಂದ ಹಸುರು ಮಾರ್ಗಕ್ಕೆ ಬದಲಾಯಿಸಬೇಕೇ, ವಿಜಯನಗರದಲ್ಲಿಳಿದು ಬಸ್ಸು ಹಿಡಿಯಬೇಕೇ?’ ಎಂದು ಇಂಗ್ಲೀಷಿನಲ್ಲಿ ಬರೆದುಕೊಟ್ಟರೆ, ಹಿಂದಿನ ಬೆಂಚಿನ ಹುಡುಗನೂ ಚರ್ಚೆಗಿಳಿಯುತ್ತಾನೆ. ವಾದಿಸಬೇಕಾದರೆ ಮೊದಲು ಓದಿ ತಿಳಿಯಲೇಬೇಕಷ್ಟೆ.

ಇದರಿಂದ ಎಲ್ಲರೂ ಪಂಡಿತರಾದರೆಂದು ನಾನು ಹೇಳಲಾರೆನು. ಮೊದಮೊದಲು ಓದಿನ ವೇಗವು ಕುಗ್ಗಿತು. ಮಕ್ಕಳು ಗಟ್ಟಿಯಾಗಿ ಓದುವುದು ಕೇಳುತ್ತಿಲ್ಲವೆಂದು ಪೋಷಕರು ಕೆಲವರು ಆಕ್ಷೇಪಿಸಿದರು. ಆದರೆ ‘ನನಗೆ ಈ ಮಾತು ತಿಳಿಯಲಿಲ್ಲ’ ಎಂದು ನಾಚದೆ ಹೇಳುವುದನ್ನು ಮಕ್ಕಳು ಕಲಿತಿದ್ದಾರೆ. ತಿಳಿಯಲಿಲ್ಲವೆಂದು ತಿಳಿಯುವುದೇ ಅರ್ಥಗ್ರಹಣದ ಮೊದಲ ಹೆಜ್ಜೆ. ಅಂದು ಪತ್ರವನ್ನೋದಿದ ಆ ಹುಡುಗನು ಈಗ ಪದವೀಧರನಾಗಿ, ಭಾನುವಾರಗಳಂದು ಬಂದು ಚಿಕ್ಕವರಿಗೆ ಪಾಠ ಹೇಳುತ್ತಾನೆ. ಆ ವೃದ್ಧರು ಈಗಲೂ ತಮ್ಮ ಕಾಗದಪತ್ರಗಳನ್ನು ಅವನ ಬಳಿಗೇ ತರುತ್ತಾರೆ. “ನಿಧಾನವಾಗಿ ಓದಪ್ಪ, ನನಗೇನೂ ಅವಸರವಿಲ್ಲ” ಎಂದು ಹೇಳಿ ಜಗಲಿಯ ಮೇಲೆ ಕುಳಿತುಕೊಳ್ಳುತ್ತಾರೆ.

ಶ್ರೀಮಠದ ದಾಸೋಹದಲ್ಲಿ ಅನ್ನವು ಬೆಂದಿದೆಯೇ ಎಂದು ನೋಡಿಯೇ ಬಡಿಸುವರು. ವಿದ್ಯೆಯನ್ನೂ ಹಾಗೆಯೇ ನೋಡಿ ಬಡಿಸುವ ಎಚ್ಚರವು ನಮಗೆಲ್ಲರಿಗೂ ಉಂಟಾಗಲಿ ಎಂದು ಗುರುಬಸವನಲ್ಲಿ ಪ್ರಾರ್ಥಿಸಿ ವಿರಮಿಸುತ್ತೇನೆ.