ಗಂಡನಿಗೊಂದು ಗೆರೆ, ಹೊರಗಿನವನಿಗೊಂದು ಗೆರೆ: ಸಮ್ಮತಿ ವಯಸ್ಸಿನ ಕಾನೂನು ನಡೆದುಬಂದ ದಾರಿ

ಸಮ್ಮತಿ ವಯಸ್ಸಿನ ಚರಿತ್ರೆಯನ್ನು ನಮ್ಮಲ್ಲಿ ಮೆಟ್ಟಿಲು ಹತ್ತಿದ ಕಥೆಯಾಗಿ ಹೇಳುವುದು ರೂಢಿ. 1860ರ ಭಾರತ ದಂಡ ಸಂಹಿತೆಯಲ್ಲಿ 10 ವರ್ಷ, 1891ರಲ್ಲಿ 12, 1925ರಲ್ಲಿ 14, 1949ರಲ್ಲಿ 16, 2012ರ ಪೋಕ್ಸೊ ಕಾಯ್ದೆಯಲ್ಲಿ 18. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಅತ್ಯಾಚಾರವನ್ನು ವ್ಯಾಖ್ಯಾನಿಸುವ ಕಲಂ 375ರ ಮೂಲಪಾಠವನ್ನೂ ಅದಕ್ಕಾದ ತಿದ್ದುಪಡಿಗಳನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಅಲ್ಲಿ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಹೊರಗಿನ ಗಂಡಸಿಗೆ ಎಳೆದ ಗೆರೆ. ಎರಡನೆಯದು ಕಲಮಿನ ಕೊನೆಯಲ್ಲಿ, ‘ಅಪವಾದ’ ಎಂಬ ಶೀರ್ಷಿಕೆಯಡಿ, ಗಂಡನಿಗೆ ಎಳೆದದ್ದು. 1860ರಲ್ಲಿ ಎರಡೂ 10, 1891ರಲ್ಲಿ ಎರಡೂ 12. ಅವು ಬೇರೆಯಾದದ್ದು 1925ರಲ್ಲಿ, ಮತ್ತೆ ಕೂಡಿದ್ದು 2017ರಲ್ಲಿ. ನಡುವಿನ 92 ವರ್ಷಗಳಲ್ಲಿ ಮೇಲಿನ ಸಂಖ್ಯೆ ಏರುತ್ತ ಹೋದಂತೆ ಮನೆಯೊಳಗಿನ ಹುಡುಗಿ ಹಿಂದೆ ಉಳಿಯುತ್ತ ಹೋದಳು. ಕಾನೂನು ಎಳೆಯರನ್ನು ಎಷ್ಟರಮಟ್ಟಿಗೆ ಕಾಪಾಡಿತು ಎಂದು ತಿಳಿಯಲು ಈ ಅಂತರವನ್ನು ನೋಡಬೇಕು ಎಂಬುದು ನನ್ನ ವಾದ. ಇಂದು ಈ ಕಾನೂನಿಗೆ ಮತ್ತೆ ತಿದ್ದುಪಡಿ ಬೇಕೆಂಬ ಚರ್ಚೆ ಎದ್ದಿರುವಾಗ ನಮಗೆ ದಾರಿ ತೋರುವುದೂ ಅದೇ.

1890ರಲ್ಲಿ ಕಲ್ಕತ್ತೆಯ ಹೈಕೋರ್ಟಿನ ಮುಂದೆ ಬಂದ ಫೂಲಮಣಿ ದಾಸಿಯ ಪ್ರಕರಣದಿಂದ ಆರಂಭಿಸಬೇಕು. ಹುಡುಗಿಗೆ 10 ದಾಟಿತ್ತು. ಅವಳಿಗಿಂತ ಎಷ್ಟೋ ಹಿರಿಯನಾದ ಗಂಡ ಹರಿಮೋಹನ ಮೈತಿಯ ಕೂಟದಿಂದ ಆದ ಗಾಯಕ್ಕೆ ಅವಳು ಸತ್ತಳು. ಹೆತ್ತ ತಾಯಿ ನ್ಯಾಯಾಲಯದಲ್ಲಿ ನಿಂತು ಮಗಳ ವಯಸ್ಸು ಹೇಳಬೇಕಾಯಿತು. ಮೊಕದ್ದಮೆಯ ಹಣೆಬರಹ ನಿಂತದ್ದೇ ಆ ಲೆಕ್ಕದ ಮೇಲೆ. 10 ದಾಟಿದ್ದರಿಂದ ಅತ್ಯಾಚಾರದ ಕಲಂ ಅನ್ವಯಿಸುವುದಿಲ್ಲ ಎಂದು ನ್ಯಾಯಮೂರ್ತಿ ವಿಲ್ಸನ್ ಜ್ಯೂರಿಗೆ ತಿಳಿಸಿದರು. ದುಡುಕಿನಿಂದ ತೀವ್ರ ಗಾಯ ಮಾಡಿದ ತಪ್ಪಿಗೆ ಗಂಡನಿಗೆ ಸಿಕ್ಕಿದ್ದು ಒಂದು ವರ್ಷದ ಕಠಿಣ ಸಜೆ. ಬೆಹ್ರಾಮ್‌ಜಿ ಮಲಬಾರಿ 1884ರಿಂದಲೇ ಬಾಲ್ಯವಿವಾಹದ ವಿರುದ್ಧ ಬರೆಯುತ್ತಿದ್ದರು. ಬೊಂಬಾಯಿಯ ರಖಮಾಬಾಯಿ ಎಳೆತನದಲ್ಲಿ ಕಟ್ಟಿದ ಮದುವೆಗೆ ತಲೆಬಾಗುವುದಿಲ್ಲವೆಂದು ಕೋರ್ಟಿನಲ್ಲಿ ಹೋರಾಡಿದ್ದರು. ಈಗ ಫೂಲಮಣಿಯ ಸಾವು ಸರ್ಕಾರದ ಕೈ ಹಿಡಿದು ಎಳೆಯಿತು. 1891ರ ಜನವರಿಯಲ್ಲಿ ಆಂಡ್ರೂ ಸ್ಕೋಬಲ್ ಮಂಡಿಸಿದ ಮಸೂದೆ ಮಾರ್ಚ್ 19ರಂದು ಕಾಯ್ದೆಯಾಯಿತು.

ಆ ಕೆಲವು ತಿಂಗಳ ವಾದವಿವಾದ ನಮ್ಮ ಕಡೆಯವರಿಗೆ ಅಪರಿಚಿತವಲ್ಲ. ಹುಡುಗಿ ಮೈನೆರೆದ ಕೂಡಲೇ ಗರ್ಭಾಧಾನ ಆಗಬೇಕು, ಅದು ಸಂಸ್ಕಾರ, ತಡೆದರೆ ಧರ್ಮಕ್ಕೆ ಚ್ಯುತಿ ಎಂಬುದು ವಿರೋಧಿಗಳ ಮುಖ್ಯ ವಾದ. ಕನ್ನಡ ಮನೆಗಳಲ್ಲಿ ‘ಪ್ರಸ್ತ’ ಎಂದು ಕರೆಯುವುದು ಇದನ್ನೇ. ಆರ್. ಜಿ. ಭಂಡಾರಕರರು ಶಾಸ್ತ್ರಗ್ರಂಥಗಳನ್ನೇ ಮುಂದಿಟ್ಟು, ಅದು ತಪ್ಪಿಸಲಾಗದ ಕಟ್ಟಳೆಯಲ್ಲವೆಂದು ತೋರಿಸಿದರು. ಬಾಲಗಂಗಾಧರ ತಿಲಕರ ಆಕ್ಷೇಪವನ್ನು ಮಾತ್ರ ಬರಿಯ ಮಡಿವಂತಿಕೆ ಎಂದು ತಳ್ಳಿಹಾಕಬಾರದು. ಸುಧಾರಣೆ ಒಳಗಿನಿಂದ ಬರಬೇಕು, ಪರಕೀಯ ಸರ್ಕಾರ ನಮ್ಮ ಒಳಮನೆಗೆ ಕಾಲಿಡಬಾರದು ಎಂಬ ಅವರ ಮಾತಿನಲ್ಲಿ ರಾಜಕೀಯದ ಸತ್ವವಿತ್ತು. ಆದರೆ ಆ ಒಳಮನೆಯಲ್ಲಿ ಇದ್ದವಳು ಹತ್ತು ವರ್ಷದ ಮಗು. ಪರಕೀಯರ ಮೇಲಿನ ಸಿಟ್ಟಿಗೆ ಅವಳ ಮೈ ಒತ್ತೆಯಾಗಬೇಕಾದ ನ್ಯಾಯ ಯಾವುದು? ಅದಕ್ಕೆ ತಿಲಕರ ಬರಹದಲ್ಲಿ ನನಗೆ ಉತ್ತರ ಸಿಕ್ಕಿಲ್ಲ.

ಮೈಸೂರಿನ ಸಂದರ್ಭ ತಿಲಕರ ವಾದಕ್ಕೆ ಒಂದು ಒರೆಗಲ್ಲು. ಇಲ್ಲಿ ಅರಸರೂ ಸ್ವದೇಶಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರೂ ಸ್ವದೇಶಿ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆ ಕಟ್ಟಳೆಯನ್ನು ತಂದು, 8 ತುಂಬದ ಹುಡುಗಿಯ ಮದುವೆಯನ್ನೂ 50 ದಾಟಿದ ಗಂಡಸು 14 ತುಂಬದವಳನ್ನು ಕಟ್ಟಿಕೊಳ್ಳುವುದನ್ನೂ ಅಪರಾಧವಾಗಿಸಿತು. 8 ಎಂಬುದು ಇಂದು ಓದಿದರೆ ಮನಸ್ಸು ಹಿಂಡುವಷ್ಟು ಸಣ್ಣ ಸಂಖ್ಯೆ. ಎರಡನೆಯ ನಿಯಮ ಮಾತ್ರ ಗಮನಾರ್ಹ: ಅದು ಹುಡುಗಿಯ ವಯಸ್ಸನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಎದುರಿಗಿರುವ ಗಂಡಸಿನ ವಯಸ್ಸನ್ನೂ ಕೇಳಿತು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

ಇನ್ನು 1925. ಹರಿಸಿಂಗ್ ಗೌರ್ ಅವರು ಕೇಂದ್ರ ಶಾಸನಸಭೆಯಲ್ಲಿ ತಂದ ಮಸೂದೆ ಬಿದ್ದುಹೋದ ಮೇಲೆ ಸರ್ಕಾರ ತನ್ನದೇ ಮಸೂದೆ ತಂದು ಹೊರಗಿನವನಿಗೆ 14, ಗಂಡನಿಗೆ 13 ಎಂದು ಗೊತ್ತುಮಾಡಿತು. ಹೆಂಡತಿ 12 ಮತ್ತು 13ರ ನಡುವಿನವಳಾದರೆ ಶಿಕ್ಷೆ ಹೆಚ್ಚೆಂದರೆ ಎರಡು ವರ್ಷ. ಒಂದೇ ವರ್ಷದ ಅಂತರವೆಂದು ಇದನ್ನು ಚಿಕ್ಕದೆನ್ನುವಂತಿಲ್ಲ. ಅಲ್ಲಿಯವರೆಗೆ ಕಾನೂನು ಹುಡುಗಿಯ ಮೈ ಎಷ್ಟು ಬೆಳೆದಿದೆ ಎಂಬುದನ್ನು ಕೇಳುತ್ತಿತ್ತು. ಅಂದಿನಿಂದ ಎದುರಿನವನು ಅವಳಿಗೆ ಏನಾಗಬೇಕು ಎಂದು ಕೇಳತೊಡಗಿತು. ಅದೇ ಹದಿಮೂರರ ಹುಡುಗಿಗೆ ಹೊರಗಿನವನು ಮಾಡಿದರೆ ಅಪರಾಧ, ತಾಳಿ ಕಟ್ಟಿದವನು ಮಾಡಿದರೆ ಸಂಸಾರ. ಮೇಲಿನ ಸಂಖ್ಯೆಯನ್ನು ಏರಿಸಲು ಸಂಪ್ರದಾಯಸ್ಥರಿಗೆ ತೆತ್ತ ಬೆಲೆ ಈ ಒಡಕು. ಮೋರೋಪಂತ ಜೋಶಿ ಅಧ್ಯಕ್ಷತೆಯ, ರಾಮೇಶ್ವರಿ ನೆಹರೂ ಸದಸ್ಯರಾಗಿದ್ದ ಸಮ್ಮತಿ ವಯಸ್ಸಿನ ಸಮಿತಿ ಕೂಡ 1929ರ ವರದಿಯಲ್ಲಿ ಮದುವೆಯೊಳಗೆ 15, ಹೊರಗೆ 18 ಎಂದಿತು. ಉದ್ದೇಶ ಒಳ್ಳೆಯದೇ, ಅಂತರ ಮಾತ್ರ ಮೂರು ವರ್ಷಕ್ಕೆ ಹಿಗ್ಗಿತು. ಅದೇ ವರ್ಷ ಹರಬಿಲಾಸ ಸಾರ್ಡಾ ಅವರ ಕಾಯ್ದೆ ಹುಡುಗಿಯ ಮದುವೆಗೆ 14 ನಿಗದಿ ಮಾಡಿತು, ಆದರೆ ಮಾಡಿಬಿಟ್ಟ ಮದುವೆಯನ್ನು ಅಳಿಸಲಿಲ್ಲ.

1891ರ ಸಮಾನ ಗೆರೆಯಾದರೂ ಜಾರಿಯಲ್ಲಿ ಎಷ್ಟು ಬಾಳಿತು ಎಂದು ಇಲ್ಲಿ ಕೇಳಬಹುದು. ಗಂಡನ ಮೇಲಿನ ದೂರನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಮಟ್ಟದ ಅಧಿಕಾರಿಯೇ ಕೈಗೆತ್ತಿಕೊಳ್ಳಬೇಕೆಂದು ಕಾನೂನೇ ಬೇಲಿ ಹಾಕಿತ್ತು ಎಂಬುದೂ ನಿಜ. ಆದರೂ ಮುಚ್ಚಿದ ಬಾಗಿಲಿಗೂ ಇಲ್ಲದ ಬಾಗಿಲಿಗೂ ವ್ಯತ್ಯಾಸವಿದೆ. ದೂರು ಕೊಡುವುದು ಕಷ್ಟವಾಗಿದ್ದ ಕಡೆ ಧೈರ್ಯವಿದ್ದ ಒಬ್ಬ ತಾಯಿಯೋ ಅಜ್ಜಿಯೋ ಬಾಗಿಲು ಬಡಿಯಬಹುದಿತ್ತು. ಗಂಡನ ಗೆರೆ ಬೇರೆಯಾದ ಮೇಲೆ ಎರಡು ಗೆರೆಗಳ ನಡುವಿನ ವಯಸ್ಸಿನ ಹುಡುಗಿಯ ಪರವಾಗಿ ಬಡಿಯಲು ಏನೂ ಉಳಿಯಲಿಲ್ಲ.

ಸ್ವತಂತ್ರ ಭಾರತ ಈ ಒಡಕನ್ನು ಮುಚ್ಚಲಿಲ್ಲ. 1949ರಲ್ಲಿ 16 ಮತ್ತು 15. 1978ರಲ್ಲಿ ಹುಡುಗಿಯ ಮದುವೆ ವಯಸ್ಸು 18ಕ್ಕೆ ಏರಿದಾಗಲೂ ಗಂಡನ ಅಪವಾದ 15ರಲ್ಲೇ ನಿಂತಿತು. ಪೋಕ್ಸೊ 2012ರ ನವೆಂಬರ್ 14ರಂದು ಜಾರಿಗೆ ಬಂತು, 18 ತುಂಬದವರೆಲ್ಲ ಮಕ್ಕಳು ಎಂದಿತು. ಮರುವರ್ಷದ ತಿದ್ದುಪಡಿ ದಂಡ ಸಂಹಿತೆಯಲ್ಲೂ 18 ಬರೆದು, ಅಪವಾದವನ್ನು 15ಕ್ಕೇ ಬಿಟ್ಟಿತು. ಹೀಗೆ ಹದಿನಾರರ ಹೆಂಡತಿಯ ವಿಷಯದಲ್ಲಿ ಒಂದೇ ಕೃತ್ಯ ಒಂದು ಕಾನೂನಿನಲ್ಲಿ ಘೋರ ಅಪರಾಧ, ಇನ್ನೊಂದರಲ್ಲಿ ಅಪರಾಧವೇ ಅಲ್ಲ. ‘ಇಂಡಿಪೆಂಡೆಂಟ್ ಥಾಟ್’ ಸಂಸ್ಥೆಯ ಅರ್ಜಿಗೆ ಎದುರಾಗಿ ಕೇಂದ್ರ ಸರ್ಕಾರ ದೇಶದಲ್ಲಿ 2.3 ಕೋಟಿ ಬಾಲವಧುಗಳಿದ್ದಾರೆ, ಅವರ ಗಂಡಂದಿರನ್ನು ಅಪರಾಧಿಗಳಾಗಿಸುವುದು ಹೇಗೆ ಎಂದು ವಾದಿಸಿತು. ಕಾಪಾಡಬೇಕಾದವರ ಸಂಖ್ಯೆ ದೊಡ್ಡದೆಂಬುದೇ ಕಾಪಾಡದಿರಲು ಕಾರಣವಾಯಿತು! ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಮತ್ತು ದೀಪಕ್ ಗುಪ್ತಾ 2017ರ ಅಕ್ಟೋಬರ್ 11ರಂದು ಈ ವಾದ ಒಪ್ಪದೆ ಅಪವಾದದ 15ನ್ನು 18 ಎಂದು ಓದಬೇಕೆಂದರು. ಕರ್ನಾಟಕದ ತಿದ್ದುಪಡಿಯನ್ನು ಬೇರೆ ರಾಜ್ಯಗಳೂ ಅನುಸರಿಸುವುದು ಒಳ್ಳೆಯದೆಂದು ಅದೇ ತೀರ್ಪಿನಲ್ಲಿ ಬಂದಿದೆ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ 2011ರ ವರದಿಯ ನಂತರ ರೂಪುಗೊಂಡ ಆ ತಿದ್ದುಪಡಿಯಿಂದ ನಮ್ಮಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಕೇಂದ್ರದ 2006ರ ಕಾಯ್ದೆಯಲ್ಲಾದರೆ ಸಾಮಾನ್ಯವಾಗಿ ಹುಡುಗಿಯೇ ಕೋರ್ಟಿಗೆ ಹೋಗಿ ಮದುವೆ ರದ್ದುಮಾಡಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಗಂಡನಿಗೂ 18ರ ಗೆರೆಯನ್ನೇ ಬರೆದುಕೊಂಡಿದೆ.

ಗೆರೆ ಒಂದಾಯಿತು, ಈಗ ತಕರಾರು ಇನ್ನೊಂದು ದಿಕ್ಕಿನಿಂದ. ಹದಿನೇಳರ ಹುಡುಗಿ ಹತ್ತೊಂಬತ್ತರ ಹುಡುಗನೊಡನೆ ಊರು ಬಿಡುತ್ತಾಳೆ, ಜಾತಿ ಬೇರೆಯೆಂದು ಅಪ್ಪ ಠಾಣೆಗೆ ಹೋಗುತ್ತಾನೆ, ಪೋಕ್ಸೊ ಬೀಳುತ್ತದೆ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ ಹತ್ತು ವರ್ಷ, ಅದಕ್ಕಿಂತ ಇಳಿಸಲು ನ್ಯಾಯಾಧೀಶರಿಗೆ ಅಧಿಕಾರವಿಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ ಏಳು ಸಾವಿರಕ್ಕೂ ಹೆಚ್ಚು ತೀರ್ಪುಗಳನ್ನು ಓದಿ, ಸುಮಾರು ಕಾಲು ಭಾಗ ಇಂಥ ಪ್ರೇಮದ ಪ್ರಕರಣಗಳೆಂದು ಕಂಡಿತು. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ವಯಸ್ಸಿನ ಮಾನದಂಡವನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ಸೆಪ್ಟೆಂಬರಿನ 283ನೇ ವರದಿಯಲ್ಲಿ 18ನ್ನು ಇಳಿಸಬಾರದು, 16ರಿಂದ 18ರ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯಕ್ಕೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಇಳಿಸಿದರೆ ಬಾಲ್ಯವಿವಾಹಕ್ಕೂ ಮಾನವ ಸಾಗಣೆಗೂ ದಾರಿಯಾಗುತ್ತದೆ ಎಂಬುದು ಅದರ ಆತಂಕ.

ಈ ಆತಂಕ ನಿಜವಾದದ್ದು. ಸಂಖ್ಯೆಯನ್ನು ಎಲ್ಲರಿಗೂ 16ಕ್ಕೆ ಇಳಿಸಿದರೆ ಹುಡುಗನ ಜೊತೆಗೇ ನಲವತ್ತರ ಮಾಲೀಕನೂ ಪಾರಾಗುತ್ತಾನೆ. ಆದ್ದರಿಂದ 18 ಉಳಿಯಬೇಕು. ಬದಲಿಗೆ ವಯಸ್ಸಿನಲ್ಲಿ ಹತ್ತಿರದವರಾದ ಹದಿಹರೆಯದವರ ಪ್ರಕರಣಕ್ಕೆ ಒಂದು ಕಿರಿದಾದ ಅಪವಾದ ಬೇಕು. ಅಪವಾದವೇ 92 ವರ್ಷ ಕಾಡಿತೆಂದು ಹೇಳಿ ಮತ್ತೆ ಅಪವಾದ ಕೇಳುವುದು ಸರಿಯೇ ಎಂದರೆ, 1925ರದ್ದು ಸಂಬಂಧದ ಹೆಸರಿಗೆ ಕೊಟ್ಟ ವಿನಾಯಿತಿ. ಗಂಡ ಎನಿಸಿಕೊಂಡರೆ ಸಾಕಿತ್ತು, ಅವನಿಗೆಷ್ಟು ವಯಸ್ಸು, ಅವಳ ಮೇಲೆ ಅವನಿಗೆಷ್ಟು ಅಧಿಕಾರ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಬೇಕಾದದ್ದು ಮೈಸೂರು ಕಟ್ಟಳೆ ಅರ್ಧಂಬರ್ಧವಾಗಿ ಕೇಳಿದ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳುವ ನಿಯಮ: ಇಬ್ಬರ ವಯಸ್ಸಿನ ಅಂತರ ಎಷ್ಟು? ಅವನು ಶಿಕ್ಷಕನೋ, ನೆಂಟನೋ, ಕೆಲಸ ಕೊಟ್ಟವನೋ? ಹೆದರಿಕೆ, ಆಮಿಷ ಇತ್ತೋ? ಮದುವೆ ಮಾಡಿಕೊಂಡಿದ್ದೇವೆ ಎಂಬುದು ಅಲ್ಲಿ ಉತ್ತರವಾಗಕೂಡದು. ಹಾಗೆ ಉತ್ತರವಾದರೆ ಬಾಲ್ಯವಿವಾಹ ಮಾಡಿಸಿದವರೆಲ್ಲ ಆ ಬಾಗಿಲಿನಿಂದಲೇ ನುಸುಳುತ್ತಾರೆ.

ಶಿಕ್ಷೆಯಲ್ಲಿ ವಿವೇಚನೆ ಸಾಕೆನ್ನುವ ಆಯೋಗದ ಸಲಹೆ ಇಲ್ಲಿ ಕೊರತೆಯಾಗುತ್ತದೆ. ಶಿಕ್ಷೆಯ ಪ್ರಶ್ನೆ ಬರುವಷ್ಟರಲ್ಲಿ ಹುಡುಗ ಜೈಲು ಕಂಡಿರುತ್ತಾನೆ, ಹುಡುಗಿ ಬಾಲಮಂದಿರ ಕಂಡಿರುತ್ತಾಳೆ. ಇನ್ನೊಂದು ತೊಡಕು ಆಸ್ಪತ್ರೆಯದು. ಪೋಕ್ಸೊ 19ನೇ ಕಲಮಿನಂತೆ ವಿಷಯ ತಿಳಿದವರೆಲ್ಲ ಪೊಲೀಸರಿಗೆ ತಿಳಿಸಲೇಬೇಕು. ಬಸುರಾದ ಹದಿನೇಳರ ಹುಡುಗಿ ಇದಕ್ಕೇ ಹೆದರಿ ವೈದ್ಯರನ್ನು ಬಿಟ್ಟು ಕೈಮದ್ದಿನವರ ಬಳಿ ಹೋಗುವ ಅಪಾಯವಿದೆ. ಗರ್ಭಪಾತಕ್ಕೆ ಬಂದ ಇಂಥವಳ ಹೆಸರು ಗುರುತುಗಳನ್ನು, ಅವಳೂ ಪೋಷಕರೂ ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಆ ಮಾತು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ದಾದಿಗೂ ತಿಳಿಯುವಂತೆ ಕಾಯ್ದೆಯ ಪಾಠದಲ್ಲೇ ಸೇರಬೇಕು.