ಮಹಾವೀರಾಚಾರ್ಯರ ‘ನಿರುದ್ಧ’

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನಾಚಾರ್ಯ ಮಹಾವೀರರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಭಿನ್ನರಾಶಿಗಳ ಛೇದಗಳಲ್ಲಿನ ಸಾಮಾನ್ಯ ಅಪವರ್ತನಗಳನ್ನೂ ಅವುಗಳಿಂದ ಭಾಗಿಸಿ ಪಡೆದ ಲಬ್ಧಗಳನ್ನೂ ಗುಣಿಸಿದರೆ ಬರುವ ಸಂಖ್ಯೆಯನ್ನು ಅವರು ‘ನಿರುದ್ಧ’ವೆಂದು ಕರೆದರು. ಇಂದಿನ ಲಘುತಮ ಸಾಮಾನ್ಯ ಅಪವರ್ತ್ಯವೇ ಇದು.

ಪರೀಕ್ಷೆಗೆ ಅಭ್ಯಾಸ ಮಾಡುವ ವಿದ್ಯಾರ್ಥಿ 1/12, 1/18ನ್ನು ಕೂಡಬೇಕೆನ್ನೋಣ. ಛೇದಗಳನ್ನು ನೇರವಾಗಿ ಗುಣಿಸಿದರೆ 216. ಲೆಕ್ಕ ವೃಥಾ ಬೆಳೆಯುತ್ತದೆ. ಅವಿಭಾಜ್ಯಗಳಾಗಿ ಬಿಡಿಸಿದರೆ 12 ಎಂಬುದು 2×2×3, 18 ಎಂಬುದು 2×3×3. ಎರಡಕ್ಕೂ ಸಾಮಾನ್ಯವಾದುದು 6, ಲಬ್ಧಗಳು 2 ಮತ್ತು 3. ನಿರುದ್ಧ 6×2×3, ಅಂದರೆ 36, ಮೊತ್ತ 5/36. ಸಾಮಾನ್ಯವಾದುದನ್ನು ಎರಡು ಬಾರಿ ಎಣಿಸದಿರುವುದೇ ಇಲ್ಲಿನ ಮರ್ಮ.

ಈ ವಿಧಾನವನ್ನು ಕಲಿಸುವಾಗ ಆಚಾರ್ಯರ ಹೆಸರೆತ್ತುವವರು ವಿರಳ, ಇದು ಖೇದಕರ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವನ್ನು ಮದರಾಸಿನಲ್ಲಿ ಪ್ರಕಟಿಸಿದ್ದು 1912ರಲ್ಲಿ.